ಘಟ್ಟದ ಮೇಲೊಂದು ಗಾಜಿನ ಕಡಲು

ಮಲೆನಾಡಿನ ಪಟ್ಟಣಗಳಿಗೆ ಮೀನಿನ ಗಾಜಿನ ತೊಟ್ಟಿ ಹೊಸದಲ್ಲ. ವೈದ್ಯರ ಕೊಠಡಿಯ ಮೂಲೆಯಲ್ಲಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಚಿನ್ನದ ಮೀನುಗಳು ಸುತ್ತು ಹಾಕುವುದನ್ನು ಕಾಣದವರು ಕಡಿಮೆ. ಅವೆಲ್ಲ ಸಿಹಿನೀರಿನ ತೊಟ್ಟಿಗಳು. ಉಪ್ಪುನೀರಿನ ತೊಟ್ಟಿಯ, ಅದರಲ್ಲೂ ಹವಳದ ದಿಬ್ಬವನ್ನೇ ಗಾಜಿನೊಳಗೆ ಕಟ್ಟಿ ನಿಲ್ಲಿಸುವ ತೊಟ್ಟಿಯ ಮಾತೇ ಬೇರೆ. 2003ರಲ್ಲಿ ತೆರೆಕಂಡ 'ಫೈಂಡಿಂಗ್ ನೀಮೋ' ಚಿತ್ರದ ಕಿತ್ತಳೆ ಬಣ್ಣದ ಕೋಡಂಗಿ ಮೀನು ಜಗತ್ತಿನ ಮಕ್ಕಳಿಗೆಲ್ಲ ಪರಿಚಿತವಾಯಿತು. ಅಂಥದ್ದೊಂದು ಕಡಲು ತನ್ನ ಕಾಲೇಜಿನ ಪ್ರಯೋಗಶಾಲೆಯಲ್ಲಿರಲಿ ಎಂದು ವಿದ್ಯಾರ್ಥಿ ಬಯಸಿದರೆ, ತನ್ನ ಹೋಂಸ್ಟೇಯ ಜಗಲಿಯಲ್ಲಿರಲಿ ಎಂದು ಯಜಮಾನ ಬಯಸಿದರೆ ಅದರಲ್ಲಿ ಅಚ್ಚರಿಯಿಲ್ಲ.

ಇಷ್ಟು ದಿನ ಈ ಆಸೆಗೆ ಅಡ್ಡವಾಗಿದ್ದುದು ಬೆಲೆ. ಹೊಸ ಪರಿಕರಗಳೆಲ್ಲವನ್ನೂ ಕೊಂಡರೆ ಒಂದು ಸಾಧಾರಣ ತೊಟ್ಟಿಯೂ ಮಧ್ಯಮ ವರ್ಗದ ಕೈಗೆ ನಿಲುಕುವುದಿಲ್ಲ. ಆದರೆ ಬೆಂಗಳೂರಿನಂಥ ನಗರಗಳಲ್ಲಿ ಉತ್ಸಾಹದಿಂದ ಆರಂಭಿಸಿ, ಮೀನು ಸತ್ತಾಗಲೋ ಮನೆ ಬದಲಿಸುವಾಗಲೋ ಕೈಬಿಡುವವರು ಬಹಳ ಮಂದಿ. ಅವರ ತೊಟ್ಟಿ, ಪಂಪು, ದೀಪ, ತಂಪುಕಾರಕ ಎಲ್ಲವೂ ಅರ್ಧಕ್ಕೋ ಕಾಲು ಬೆಲೆಗೋ ಸಿಗುತ್ತವೆ. ಹಳೆಯ ಪರಿಕರಗಳಿಂದಲೇ ಉಪ್ಪುನೀರಿನ ತೊಟ್ಟಿ ಕಟ್ಟಬಹುದೇ ಎಂಬ ಪ್ರಶ್ನೆಗೆ ಕಟ್ಟಬಹುದು ಎಂಬುದೇ ಉತ್ತರ. ಕಟ್ಟಬೇಕೇ, ಕಟ್ಟಿದರೆ ಅದರೊಳಗೆ ಏನಿರಬೇಕು, ಏನಿರಕೂಡದು ಎಂಬುದು ಮಾತ್ರ ಬೆಲೆಯೊಂದರಿಂದಲೇ ತೀರ್ಮಾನವಾಗುವ ಸಂಗತಿಯಲ್ಲ. ಪರಿಸರದ ಮಾತನಾಡುವವರು ಈ ಪ್ರಶ್ನೆಯನ್ನು ನಗರದವರ ಷೋಕಿಯೆಂದು ತಳ್ಳಿಹಾಕುವ ಮೊದಲು ಸ್ವಲ್ಪ ಯೋಚಿಸುವುದು ಒಳ್ಳೆಯದು.

ಹವಳವೆಂಬುದು ಕಲ್ಲಲ್ಲ

ಹವಳ ಪ್ರಾಣಿ. ಪಾಲಿಪ್ ಎಂಬ ಪುಟ್ಟ ಜೀವಿಗಳು ಸಾವಿರಗಟ್ಟಲೆ ಒಟ್ಟುಗೂಡಿ, ಕಡಲನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಹಾಗೂ ಕಾರ್ಬೋನೇಟನ್ನು ಹೀರಿ, ತಮ್ಮ ಅಡಿಯಲ್ಲಿ ಸುಣ್ಣದ ಗೂಡು ಕಟ್ಟುತ್ತವೆ. ತಲೆಮಾರು ತಲೆಮಾರಾಗಿ ಕಟ್ಟಿದ ಈ ಗೂಡುಗಳ ರಾಶಿಯೇ ಹವಳದ ದಿಬ್ಬ. ಪಾಲಿಪಿನ ಅಂಗಾಂಶದೊಳಗೆ ಸೂಕ್ಷ್ಮ ಪಾಚಿ ವಾಸವಾಗಿದ್ದು, ಬಿಸಿಲಿನಿಂದ ತಾನು ತಯಾರಿಸಿದ ಆಹಾರದಲ್ಲಿ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತದೆ. ದ್ವಿದಳ ಧಾನ್ಯದ ಬೇರುಗಂಟಿನಲ್ಲಿರುವ ರೈಜೋಬಿಯಂ ಹಾಗೂ ಗಿಡದ ನಡುವಿನ ಕೊಡುಕೊಳೆಯನ್ನು ಬಲ್ಲ ರೈತನಿಗೆ ಈ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕೊಡುಕೊಳೆ ಬಹಳ ನಾಜೂಕಿನದು. ಬೇಸಿಗೆಯ ಗರಿಷ್ಠ ಉಷ್ಣಾಂಶಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್ಸಿನಷ್ಟು ಹೆಚ್ಚಿನ ಬಿಸಿ ಕೆಲವು ವಾರ ಉಳಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರದಬ್ಬಿ ಬಿಳುಚಿಕೊಳ್ಳುತ್ತದೆ. ಬಿಸಿ ಮುಂದುವರಿದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದ ದಿಬ್ಬಗಳು 1998, 2010 ಮತ್ತು 2016ರಲ್ಲಿ ಹೀಗೆ ಬಿಳುಚಿದವು. ಜಗತ್ತಿನಾದ್ಯಂತ ನಾಲ್ಕನೆಯ ಬಾರಿಗೆ ಹವಳಗಳ ಸಾಮೂಹಿಕ ಬಿಳುಚುವಿಕೆ ನಡೆಯುತ್ತಿದೆಯೆಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ದೃಢಪಡಿಸಿದರು. ಸಾಗರತಳದ ಶೇಕಡ ಒಂದಕ್ಕಿಂತ ಕಡಿಮೆ ಜಾಗದಲ್ಲಿರುವ ಈ ದಿಬ್ಬಗಳು ಕಡಲಜೀವಿಗಳ ಸುಮಾರು ಕಾಲುಭಾಗ ಪ್ರಭೇದಗಳಿಗೆ ಆಸರೆಯಾಗಿವೆ.

ಕರ್ನಾಟಕಕ್ಕೂ ಹವಳಕ್ಕೂ ಸಂಬಂಧವಿಲ್ಲವೆಂದು ತಿಳಿಯುವಂತಿಲ್ಲ. ಮುರ್ಡೇಶ್ವರದ ಎದುರಿನ ಕಡಲಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ನೌಕಾಪಡೆಯ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಕೆಯಾದ ಈ ದ್ವೀಪವನ್ನು ಉಳಿಸಬೇಕೆಂದು ಪರಿಸರಾಸಕ್ತರು ದನಿಯೆತ್ತಿದ್ದು ಅಲ್ಲಿನ ಕಡಲಹದ್ದುಗಳಿಗಾಗಿ ಹೇಗೋ ಹಾಗೆಯೇ ನೀರೊಳಗಿನ ಹವಳಗಳಿಗಾಗಿಯೂ ಹೌದು.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ಎಲ್ಲ ಕಲ್ಲುಹವಳಗಳನ್ನೂ ಕಪ್ಪುಹವಳ, ಬೆಂಕಿಹವಳ, ಕಡಲ ಬೀಸಣಿಗೆಗಳನ್ನೂ ಸೇರಿಸಲಾಯಿತು. ಹುಲಿಗೆ ದೊರೆತ ರಕ್ಷಣೆಯೇ ಅವುಗಳಿಗೂ ದೊರೆಯಿತು. ನಮ್ಮ ದೇಶದ ಕಡಲಿನಿಂದ ಹವಳ ಕೀಳುವುದಾಗಲಿ, ಮಾರುವುದಾಗಲಿ ಅಪರಾಧ. ಅಂಗಡಿಯಲ್ಲಿ 'ಜೀವಂತ ಬಂಡೆ' ಎಂಬ ಹೆಸರಿನಲ್ಲಿ ಮಾರುವ ರಂಧ್ರಮಯ ಕಲ್ಲೂ ಬಹುತೇಕ ಹವಳದ ದಿಬ್ಬದಿಂದ ಒಡೆದು ತೆಗೆದದ್ದೇ. ಷೋಕೇಸಿನಲ್ಲಿಡುವ ಬಿಳಿಯ ಒಣ ಹವಳವೂ ಇದಕ್ಕೆ ಹೊರತಲ್ಲ. ನಾಟಾ ಕಳ್ಳಸಾಗಣೆಯ ಲಾರಿಗೆ ಅಡ್ಡ ನಿಲ್ಲುವ ಮಲೆನಾಡಿಗ ಕದ್ದ ಹವಳವನ್ನು ಜಗಲಿಯಲ್ಲಿಟ್ಟುಕೊಂಡರೆ ಅವನ ಹೋರಾಟಕ್ಕೆ ಅರ್ಥ ಉಳಿಯುವುದಿಲ್ಲ.

ಹಳೆಯ ಯಂತ್ರಕ್ಕೆ ಹೊಸ ಬಾಳು

ಇಲ್ಲಿಂದಲೇ ಒಂದು ಗೆರೆ ಎಳೆಯಬಹುದು: ಯಂತ್ರ ಹಳೆಯದಾಗಿರಬಹುದು, ಜೀವ ಮಾತ್ರ ಕದ್ದದ್ದಾಗಿರಕೂಡದು. ಬಳಸಿ ಬಿಟ್ಟ ಪಂಪನ್ನು ಮತ್ತೆ ಬಳಸುವುದು ತಿಪ್ಪೆಗೆ ಹೋಗುವ ವಿದ್ಯುನ್ಮಾನ ಕಸವನ್ನು ಕಡಿಮೆ ಮಾಡುತ್ತದೆ. ಹೊಸದರ ಮೋಹಕ್ಕಿಂತ ಹಳೆಯದರ ದುರಸ್ತಿ ದೊಡ್ಡದೆಂಬುದು ಹಳ್ಳಿಯ ಬದುಕು ಕಲಿಸಿದ ಪಾಠವೇ. ಆದರೆ ಹಳೆಯದನ್ನು ಕೊಳ್ಳುವವನ ಕಣ್ಣು ಎತ್ತು ಕೊಳ್ಳುವವನ ಕಣ್ಣಿನಷ್ಟು ಚುರುಕಾಗಿರಬೇಕು.

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯನ್ನೇ ಉದಾಹರಣೆಯಾಗಿ ಹಿಡಿದರೆ ಅದರ ಗಾತ್ರ 9 ಘನ ಅಡಿ, ಅಂದರೆ ಸುಮಾರು 255 ಲೀಟರ್. ನೀರೊಂದೇ 260 ಕಿಲೋ ತೂಗುತ್ತದೆ. ಗಾಜು, ಕಲ್ಲು, ಮರಳು ಸೇರಿದರೆ 300 ಕಿಲೋ ದಾಟುತ್ತದೆ. ಹಳೆಯ ಮನೆಯ ಮರದ ಅಟ್ಟ ಇದಕ್ಕೆ ತಕ್ಕ ಜಾಗವಲ್ಲ. ನೆಲಮಾಳಿಗೆಯ ಗಟ್ಟಿ ನೆಲವೇ ಬೇಕು. ಗಾಜಿನ ಅಂಚುಗಳನ್ನು ಬೆಸೆದಿರುವ ಸಿಲಿಕೋನ್ ಅಂಟು ಹಳದಿಯಾಗಿದ್ದರೆ, ಉಗುರಿಗೆ ಏಳುವಂತಿದ್ದರೆ ಅದನ್ನು ಪೂರ್ತಿ ಕೆರೆದು ಹೊಸದಾಗಿ ಹಾಕಬೇಕು. ಅಂಟು ಒಣಗಲು ಒಂದು ವಾರ ಬಿಟ್ಟು, ಮತ್ತೊಂದು ವಾರ ಅಂಗಳದಲ್ಲೇ ನೀರು ತುಂಬಿಸಿಟ್ಟು ಪರೀಕ್ಷಿಸಿದ ಮೇಲೆಯೇ ಒಳಗೆ ತರುವುದು ಕ್ಷೇಮ. ಶಿಲೀಂಧ್ರನಾಶಕ ಬೆರೆಸಿದ ಸಿಲಿಕೋನ್ ಸ್ನಾನಗೃಹಕ್ಕಷ್ಟೇ, ಮೀನಿಗಲ್ಲ.

ಪಂಪುಗಳಲ್ಲಿ ಸುಣ್ಣ ಕಟ್ಟಿ ಚಕ್ರ ಸಿಕ್ಕಿಕೊಂಡಿರುವುದು ಸಾಮಾನ್ಯ. ಬಿಚ್ಚಿ ಒಂದು ರಾತ್ರಿ ವಿನೆಗರ್‌ನಲ್ಲೋ ಸಿಟ್ರಿಕ್ ಆಮ್ಲದ ನೀರಿನಲ್ಲೋ ನೆನೆಹಾಕಿದರೆ ಸುಣ್ಣ ಕರಗುತ್ತದೆ. ತೊಟ್ಟಿಯನ್ನು ಬ್ಲೀಚಿಂಗ್ ಪೌಡರಿನಿಂದ ತೊಳೆಯುವವರು ಅದಕ್ಕೂ ವಿನೆಗರಿಗೂ ಎಂದಿಗೂ ಗಂಟು ಹಾಕಬಾರದು. ಎರಡೂ ಸೇರಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಹಳೆಯ ಮೆಟಲ್ ಹ್ಯಾಲೈಡ್ ದೀಪಗಳು ಅಗ್ಗವಾಗಿ ಸಿಕ್ಕರೂ ವಿದ್ಯುತ್ತನ್ನೂ ಬಿಸಿಯನ್ನೂ ಸುರಿಯುತ್ತವೆ. ಹವಳವಿಲ್ಲದ ತೊಟ್ಟಿಗೆ ಸಾಧಾರಣ ಎಲ್‌ಇಡಿ ಸಾಕು. ವಯರು ಬಿರಿದ, ಗಾಜು ಸೀಳಿದ ಹೀಟರನ್ನು ಪುಕ್ಕಟೆ ಕೊಟ್ಟರೂ ಒಲ್ಲೆನೆನ್ನಬೇಕು. ಉಪ್ಪುನೀರು ವಿದ್ಯುತ್ತಿಗೆ ರಾಜಮಾರ್ಗ. ಸರಿಯಾದ ಅರ್ತಿಂಗ್ ಇಲ್ಲದ, ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ ಸಾಧನವಿಲ್ಲದ ಕಟ್ಟಡದಲ್ಲಿ ಇಂಥ ತೊಟ್ಟಿಗೆ ಅವಕಾಶವೇ ಇರಕೂಡದು.

ಪ್ರೋಟೀನ್ ಸ್ಕಿಮ್ಮರ್ ಎಂಬ ಉಪಕರಣದ ಹೆಸರು ದೊಡ್ಡದಾದರೂ ಕೆಲಸ ಪರಿಚಿತವೇ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೇಳುವ ಕೊಳೆನೊರೆಯನ್ನು ಬಾಚಿ ತೆಗೆಯುವಂತೆ, ಇಲ್ಲಿ ಸಣ್ಣ ಗಾಳಿಗುಳ್ಳೆಗಳಿಗೆ ಅಂಟಿಕೊಂಡು ಮೇಲೇರುವ ಸಾವಯವ ಕೊಳೆಯನ್ನು ಒಂದು ಬಟ್ಟಲಿಗೆ ಹರಿಸಲಾಗುತ್ತದೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಬಹಳ ಸಣ್ಣವಾಗಿರುವುದರಿಂದ ಈ ತಂತ್ರ ಅಲ್ಲಿ ಚೆನ್ನಾಗಿ ನಡೆಯುತ್ತದೆ. ಇದರಲ್ಲಿ ಹಾಳಾಗುವ ಭಾಗ ಪಂಪು ಮಾತ್ರ. ಹೀಗಾಗಿ ಹಳೆಯದನ್ನು ಧೈರ್ಯವಾಗಿ ಕೊಳ್ಳಬಹುದು.

ಬೇಡವೆನ್ನಬೇಕಾದವು ಎರಡು: ಹಳೆಯ ಮರಳು ಮತ್ತು ಹಳೆಯ ಕಲ್ಲು. ವರ್ಷಗಟ್ಟಲೆ ಕೊಳೆ ಹೀರಿದ ಮರಳನ್ನು ಕದಡಿದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೊರಬಂದು ಹೊಸ ತೊಟ್ಟಿಯ ಜೀವಗಳನ್ನೆಲ್ಲ ಕೊಲ್ಲಬಲ್ಲದು. ಹಳೆಯ ಕಲ್ಲಿನ ಅಪಾಯ ಇನ್ನೂ ದೊಡ್ಡದು. ಅದಕ್ಕೆ ಅಂಟಿಕೊಂಡಿರಬಹುದಾದ ಜೋವಾಂಥಿಡ್ ಎಂಬ ಗುಂಡಿಯಾಕಾರದ ಜೀವಿಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ಘೋರ ವಿಷವನ್ನು ಹೊಂದಿರುತ್ತವೆ. ಶುದ್ಧ ಮಾಡಲೆಂದು ಅಂಥ ಕಲ್ಲನ್ನು ಕುದಿಸಿ, ಅದರ ಹಬೆ ಕುಡಿದು ಆಸ್ಪತ್ರೆ ಸೇರಿದವರ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕಲ್ಲನ್ನು ಎಂದಿಗೂ ಕುದಿಸಬಾರದು. ಸಿಮೆಂಟಿಗೆ ಚಿಪ್ಪಿನ ಪುಡಿ ಬೆರೆಸಿ ರಂಧ್ರಗಳಿರುವಂತೆ ಎರಕ ಹೊಯ್ದು, ಅದರ ಕ್ಷಾರ ಇಳಿಯುವವರೆಗೆ ವಾರಗಟ್ಟಲೆ ನೀರು ಬದಲಿಸುತ್ತ ನೆನೆಸಿದರೆ ಬಂಡೆ ವಿದ್ಯಾರ್ಥಿಗಳ ಕೈಯಲ್ಲೇ ತಯಾರಾಗುತ್ತದೆ. ಯಾವ ದಿಬ್ಬವನ್ನೂ ಒಡೆಯಬೇಕಾಗಿಲ್ಲ.

ತಾಮ್ರದ ಗುಟ್ಟು

ಹಳೆಯ ತೊಟ್ಟಿಯ ಬಗ್ಗೆ ಮಾರುವವನನ್ನು ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ಇದರಲ್ಲಿ ಎಂದಾದರೂ ತಾಮ್ರದ ಔಷಧಿ ಹಾಕಿದ್ದಿರಾ? ಕಡಲಮೀನಿನ ಬಿಳಿಚುಕ್ಕೆ ರೋಗಕ್ಕೆ ತಾಮ್ರವೇ ರೂಢಿಯ ಮದ್ದು. ಮೀನು ತಾಳಿಕೊಳ್ಳುವ ಪ್ರಮಾಣದ ತಾಮ್ರವನ್ನು ಸಿಗಡಿ, ಶಂಖದ ಹುಳು, ಹವಳಗಳು ತಾಳಲಾರವು. ಕಲ್ಲು ಮತ್ತು ಮರಳು ತಾಮ್ರವನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತಿರುತ್ತವೆ.

ಅಡಕೆ ಬೆಳೆಗಾರನಿಗೆ ಈ ವಿಷಯದಲ್ಲಿ ಉಪದೇಶ ಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಕಾರಣವನ್ನು ಶೋಧಿಸಿ ಬೋರ್ಡೋ ದ್ರಾವಣವನ್ನು ತೋಟಗಳಿಗೆ ತಂದಂದಿನಿಂದ ಮೈಲುತುತ್ತು ಮಲೆನಾಡಿನ ಮಳೆಗಾಲದ ಸಂಗಾತಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನಲ್ಲಿ ಕಾಲುಭಾಗ ತಾಮ್ರ. ಅಂದರೆ ದ್ರಾವಣದ ಒಂದು ಲೀಟರಿನಲ್ಲಿ 2,500 ಮಿಲಿಗ್ರಾಂ ತಾಮ್ರ. ರೋಗದ ಮೀನಿಗೆ ಕೊಡುವ ಪ್ರಮಾಣವಾದರೋ ಲೀಟರಿಗೆ 0.2 ಮಿಲಿಗ್ರಾಂ. ಸಣ್ಣ ಲೋಟದ 100 ಮಿಲಿಲೀಟರ್ ಬೋರ್ಡೋ ದ್ರಾವಣ 250 ಲೀಟರ್ ತೊಟ್ಟಿಗೆ ಬಿದ್ದರೆ ಲೀಟರಿಗೆ ಒಂದು ಮಿಲಿಗ್ರಾಂ, ಅಂದರೆ ಔಷಧಿ ಪ್ರಮಾಣದ ಐದು ಪಟ್ಟು. ಬೋರ್ಡೋ ಕಲಸಿದ ಡ್ರಮ್ಮಿನಲ್ಲಿ ತೊಟ್ಟಿಯ ನೀರು ಕಲಸುವುದು, ತಾಮ್ರದ ಹಂಡೆಯಲ್ಲಿ ಮಳೆನೀರು ಹಿಡಿಯುವುದು, ಹಿತ್ತಾಳೆಯ ನಲ್ಲಿ ಜೋಡಿಸುವುದು ಯಾವುದೂ ಸಲ್ಲ. ಇದೇ ಲೆಕ್ಕ ಮತ್ತೊಂದು ವಿಚಾರವನ್ನೂ ಮುಂದಿಡುತ್ತದೆ. ತೊಟ್ಟಿಯ ಸಿಗಡಿಯನ್ನು ಕೊಲ್ಲುವ ತಾಮ್ರ ತೋಟದ ಬುಡದಿಂದ ಹಳ್ಳಕ್ಕಿಳಿದರೆ ಅಲ್ಲಿನ ಏಡಿ, ಸಿಗಡಿಗಳಿಗೆ ಅಮೃತವಾಗುವುದಿಲ್ಲ. ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವ ರೂಢಿಯನ್ನು ಬಿಡಲು ಗಾಜಿನ ತೊಟ್ಟಿಯೊಂದು ಕಾರಣವಾದರೆ ಅದು ಕಟ್ಟಿದ್ದಕ್ಕೆ ಅರ್ಧ ಸಾರ್ಥಕ.

ಗದ್ದೆಯ ಪಾಠ ಗಾಜಿನೊಳಗೆ

ಪರಿಕರಗಳು ಸಿದ್ಧವಾದ ಮಾತ್ರಕ್ಕೆ ಮೀನು ತರುವಂತಿಲ್ಲ. ಮೊದಲು ತೊಟ್ಟಿಗೆ ಜೀವ ಬರಬೇಕು. ಮೀನು ಬಿಡುವ ಅಮೋನಿಯಾ ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಮತ್ತೊಂದು ಬಗೆಯದು ನೈಟ್ರೈಟನ್ನು ಅಷ್ಟಾಗಿ ಹಾನಿಯಿಲ್ಲದ ನೈಟ್ರೇಟ್ ಮಾಡುತ್ತದೆ. ರಷ್ಯದ ವಿಜ್ಞಾನಿ ಸೆರ್ಗೇಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಮಣ್ಣಿನಲ್ಲಿ ಗುರುತಿಸಿದ ಕ್ರಿಯೆಯೇ ಇದು. ಹೊಲಕ್ಕೆ ಹಾಕಿದ ಯೂರಿಯಾ ಗಿಡಕ್ಕೆ ದಕ್ಕುವ ಹಾದಿಯೂ ಇದೇ. ಇನ್ನು ನೀರು ನಿಂತ ಗದ್ದೆಯ ಕೆಸರಿನಲ್ಲಿ, ಆಮ್ಲಜನಕವಿಲ್ಲದೆಡೆ, ನೈಟ್ರೇಟ್ ಒಡೆದು ಸಾರಜನಕದ ಅನಿಲವಾಗಿ ಗಾಳಿಗೆ ಸೇರುತ್ತದೆ. ಗದ್ದೆಗೆ ಅದು ನಷ್ಟ. ರಂಧ್ರಮಯ ಬಂಡೆಯ ಒಡಲಿನಲ್ಲಿ ನಡೆಯುವ ಅದೇ ಕ್ರಿಯೆ ತೊಟ್ಟಿಗೆ ಲಾಭ.

ಪ್ರಯೋಗಶಾಲೆಯ ಶುದ್ಧ ಅಮೋನಿಯಂ ಕ್ಲೋರೈಡನ್ನು ಲೀಟರಿಗೆ ಎರಡು ಮಿಲಿಗ್ರಾಂ ಅಮೋನಿಯಾ ಆಗುವಷ್ಟು ಹಾಕಿ, ಮೀನಿಲ್ಲದ ತೊಟ್ಟಿಯನ್ನು ನಡೆಸುತ್ತ, ದಿನ ಬಿಟ್ಟು ದಿನ ಅಳೆಯುತ್ತ ಹೋದರೆ ಅಮೋನಿಯಾ ಇಳಿದು ನೈಟ್ರೈಟ್ ಏರುವುದು, ಆಮೇಲೆ ಅದೂ ಇಳಿದು ನೈಟ್ರೇಟ್ ಏರುವುದು ನಕ್ಷೆಯ ಕಾಗದದ ಮೇಲೆ ಕಾಣುತ್ತದೆ. ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಇದಕ್ಕೆ ಕಡಲಿನ ಬ್ಯಾಕ್ಟೀರಿಯಾಗಳೇ ಬೇಕು. ಚೆನ್ನಾಗಿ ನಡೆಯುತ್ತಿರುವ, ರೋಗವಿಲ್ಲದ, ತಾಮ್ರ ಸೋಕದ ತೊಟ್ಟಿಯಿಂದ ಒಂದು ತುಂಡು ಸ್ಪಂಜು ಸಿಕ್ಕರೆ ಹೆಪ್ಪು ಹಾಕಿದಂತೆ ಕೆಲಸ ಬೇಗ ಸಾಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗುವವರೆಗೆ ಕಾಯಲಾರದವರು ತೊಟ್ಟಿಯನ್ನು ಕಟ್ಟದಿರುವುದೇ ಲೇಸು. ಹೊಸ ತೊಟ್ಟಿಗಳಲ್ಲಿ ಮೀನು ಸಾಯುವುದಕ್ಕೆ ಸಾಮಾನ್ಯ ಕಾರಣ ಈ ಅವಸರವೇ.

ನೀರು, ಉಪ್ಪು, ಕರೆಂಟು

ಕಡಲನೀರು ಎಂದರೆ ಅಡಿಗೆ ಉಪ್ಪು ಕದಡಿದ ನೀರಲ್ಲ. ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿದ್ದು, ಸೋಡಿಯಂ ಮತ್ತು ಕ್ಲೋರೈಡಿನ ಜೊತೆಗೆ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ನಿಶ್ಚಿತ ಪ್ರಮಾಣದಲ್ಲಿರುತ್ತವೆ. ಈ ಮಿಶ್ರಣ ಸಿದ್ಧವಾಗಿ ದೊರೆಯುತ್ತದೆ. ಇದನ್ನು ಮಾತ್ರ ಹೊಸದಾಗಿಯೇ ಕೊಳ್ಳಬೇಕು. 255 ಲೀಟರಿಗೆ 9 ಕಿಲೋ ಬೇಕಾಗುತ್ತದೆ. ನಗರದವರು ನೀರಿನ ಶುದ್ಧಿಗೆ ಆರ್‌ಒ ಯಂತ್ರ ಇಟ್ಟು, ಒಂದು ಲೀಟರ್ ಪಡೆಯಲು ಹಲವು ಲೀಟರ್ ಚೆಲ್ಲುತ್ತಾರೆ. ಮಲೆನಾಡಿಗೆ ಅದರ ಅಗತ್ಯವಿಲ್ಲ. ಮೊದಲ ಮಳೆಗಳು ಗಾಳಿಯನ್ನು ತೊಳೆದ ಮೇಲೆ, ಬಯಲಿನಲ್ಲಿ ಶುಭ್ರ ಪ್ಲಾಸ್ಟಿಕ್ ಹಾಳೆ ಕಟ್ಟಿ ನೇರವಾಗಿ ಹಿಡಿದ ಮಳೆನೀರಿಗೆ ಸಮನಾದದ್ದು ಬೇರೊಂದಿಲ್ಲ. ಸಿಂಪಡಣೆ ನಡೆಯುವ ತೋಟದ ಪಕ್ಕದಲ್ಲಿ, ತಗಡಿನ ಮಾಡಿನ ಕೆಳಗೆ ಮಾತ್ರ ಹಿಡಿಯಬಾರದು. ತೊಟ್ಟಿಯಿಂದ ಆವಿಯಾಗುವುದು ನೀರೇ ಹೊರತು ಉಪ್ಪಲ್ಲ. ಆದ್ದರಿಂದ ಕಡಿಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು.

ವಾರಕ್ಕೆ ಹತ್ತನೆಯ ಒಂದು ಭಾಗ, ಅಂದರೆ 25 ಲೀಟರ್ ನೀರು ಬದಲಿಸುವುದು ಸಾಮಾನ್ಯ ಕ್ರಮ. ಹೊರಹಾಕಿದ 25 ಲೀಟರಿನಲ್ಲಿ 875 ಗ್ರಾಂ ಉಪ್ಪಿರುತ್ತದೆ. ವರ್ಷಕ್ಕೆ 45 ಕಿಲೋ! ಇದು ಎಲ್ಲಿಗೆ ಹೋಗಬೇಕು? ತೋಟದ ಬುಡಕ್ಕೆ ಸುರಿದರೆ ಸೋಡಿಯಂ ಮಣ್ಣಿನ ಹದ ಕೆಡಿಸುತ್ತದೆ, ಬೇರು ಸುಡುತ್ತದೆ. ಬಾವಿಯ ಬಳಿ ಸುರಿದರೆ ಕುಡಿಯುವ ನೀರು ಕೆಡುತ್ತದೆ. ಹಳ್ಳಕ್ಕೆ ಬಿಟ್ಟರೆ ಸಿಹಿನೀರಿನ ಜೀವಗಳು ಸಾಯುತ್ತವೆ. ಕಡಲತೀರದ ಊರಿನಲ್ಲಿ ಏಳದ ಈ ಪ್ರಶ್ನೆ ಘಟ್ಟದ ಮೇಲೆ ಏಳುತ್ತದೆ. ಬೇಸಿಗೆಯಲ್ಲಿ ಆಳವಿಲ್ಲದ ತಟ್ಟೆಗಳಲ್ಲಿ ಬಿಸಿಲಿಗಿಟ್ಟು ಒಣಗಿಸಿ ಉಪ್ಪನ್ನು ಚೀಲದಲ್ಲಿ ಕೂಡಿಡುವುದು, ಮಳೆಗಾಲದ ನೀರನ್ನು ಅಲ್ಲಿಯವರೆಗೆ ಡ್ರಮ್ಮಿನಲ್ಲಿ ಮುಚ್ಚಿಡುವುದು ಒಂದು ದಾರಿ. ಇಷ್ಟು ಶ್ರಮಕ್ಕೆ ಸಿದ್ಧರಿಲ್ಲದವರು ಉಪ್ಪುನೀರಿನ ಗೋಜಿಗೆ ಹೋಗಬಾರದು.

ವಿದ್ಯುತ್ತಿನ ಲೆಕ್ಕವೂ ಇರಲಿ. 30 ವ್ಯಾಟಿನ ಪಂಪು ಮತ್ತು 15 ವ್ಯಾಟಿನ ಅಲೆಯೆಬ್ಬಿಸುವ ಪಂಪು ಹಗಲಿರುಳು, 100 ವ್ಯಾಟಿನ ದೀಪ ದಿನಕ್ಕೆ 9 ಗಂಟೆ, 250 ವ್ಯಾಟಿನ ತಂಪುಕಾರಕ 8 ಗಂಟೆ ನಡೆದರೆ ದಿನಕ್ಕೆ ಸುಮಾರು 4 ಯೂನಿಟ್, ತಿಂಗಳಿಗೆ 120 ಯೂನಿಟ್. ಅದರಲ್ಲಿ ಅರ್ಧ ತಂಪುಕಾರಕದ್ದೇ. ಮಲೆನಾಡಿನ ತಂಪು ಬಹುಪಾಲು ತಿಂಗಳು ಅದನ್ನು ಉಳಿಸುತ್ತದೆ. ಆದರೆ ಆಷಾಢದ ಗಾಳಿಮಳೆಗೆ ಕಂಬ ಉರುಳಿ ದಿನಗಟ್ಟಲೆ ಕರೆಂಟಿಲ್ಲದಿದ್ದಾಗ? ನೀರು ಕದಲದೆ ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಮುಗಿಯುತ್ತದೆ. ಬ್ಯಾಟರಿಯ ಗಾಳಿಪಂಪು ಇಲ್ಲಿ ಐಷಾರಾಮವಲ್ಲ, ಮೊದಲ ಅಗತ್ಯ.

ಯಾವ ಜೀವಕ್ಕೆ ಪ್ರವೇಶ?

ಇಂಡೊನೇಷ್ಯದ ಲೀ ಚಿನ್ ಎಂಗ್ 1961ರಲ್ಲಿ ಹೆಚ್ಚಿನ ಯಂತ್ರಗಳಿಲ್ಲದೆ, ಕಡಲಿನಿಂದ ತಂದ ಜೀವಂತ ಬಂಡೆ, ಕಡಲನೀರು ಮತ್ತು ಗಾಳಿಗುಳ್ಳೆಗಳಿಂದಲೇ ತೊಟ್ಟಿಯನ್ನು ನಡೆಸುವ ವಿಧಾನವನ್ನು ಬರೆದು ತಿಳಿಸಿದ. ಅಗ್ಗದ ವಿಧಾನವೇನೋ ಹೌದು. ಆದರೆ ಅದರ ಅಗ್ಗತನದ ಗುಟ್ಟು ಕಡಲು ಪುಕ್ಕಟೆಯಾಗಿ ಕೊಟ್ಟ ಬಂಡೆಯಲ್ಲಿತ್ತು. ಜಗತ್ತಿನ ಲಕ್ಷಾಂತರ ತೊಟ್ಟಿಗಳು ಹಾಗೆ ಪುಕ್ಕಟೆ ಬೇಡತೊಡಗಿದರೆ ಕಡಲಿನ ಗತಿಯೇನು? ಫಿಲಿಪ್ಪೀನ್ಸ್‌ನಲ್ಲಿ ಅಲಂಕಾರಿಕ ಮೀನುಗಳನ್ನು ಮಂಪರುಗೊಳಿಸಿ ಹಿಡಿಯಲು ಹವಳದ ಸಂದುಗಳಿಗೆ ಸಯನೈಡ್ ಚಿಮುಕಿಸುವ ಪದ್ಧತಿ 1960ರ ದಶಕದಿಂದ ಬೆಳೆಯಿತು. ಇಂಡೊನೇಷ್ಯದ ಬಂಗಾಯ್ ದ್ವೀಪಗಳ ಕಾರ್ಡಿನಲ್ ಮೀನು ಇದೇ ವ್ಯಾಪಾರಕ್ಕೆ ಸಿಕ್ಕು 2007ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು.

ಆದ್ದರಿಂದ ತೊಟ್ಟಿಗೆ ಬರುವ ಜೀವಿ ಸಾಕಣೆ ಕೇಂದ್ರದಲ್ಲಿ ಹುಟ್ಟಿದ್ದಾಗಿರಬೇಕು. ಇದು ಅಸಾಧ್ಯವೇನಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹಲವು ಬಗೆಯ ಕೋಡಂಗಿ ಮೀನುಗಳನ್ನು ಸಾಕಣೆಯಲ್ಲೇ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮತ್ಸ್ಯ ತಳಿ ಸಂಪನ್ಮೂಲ ಕೇಂದ್ರದ ಮಾರ್ಗದರ್ಶನದಲ್ಲಿ ದ್ವೀಪದ ಮಹಿಳೆಯರೇ ಅಲಂಕಾರಿಕ ಸಿಗಡಿಗಳನ್ನು ಸಾಕಿದ್ದಾರೆ. ಕಡಲನ್ನು ದೋಚದೆ ದ್ವೀಪದವರ ಕೈಗೆ ಕಾಸು ಸೇರುವ ಇಂಥ ದಾರಿಗೆ ಒತ್ತಾಸೆಯಾಗುವುದು ಪರಿಸರ ಚಳವಳಿಗೆ ಶೋಭೆ. ಒಂದು ಜೋಡಿ ಕೋಡಂಗಿ ಮೀನು, ನಾಲ್ಕಾರು ಸಿಗಡಿ, ಎರಕದ ಬಂಡೆ, ಒಂದಿಷ್ಟು ಕಡಲಪಾಚಿ. ಕಲಿಯುವವನಿಗೆ ಇಷ್ಟು ಸಾಕು.

ಒಳಗೆ ಬಂದದ್ದು ಹೊರಗೆ ಹೋಗದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಎದುರಿನ ಕಡಲಲ್ಲಿ ಕಾಣಿಸಿಕೊಂಡ ಕೌಲರ್ಪಾ ಎಂಬ ಅಲಂಕಾರದ ಪಾಚಿ ಮೆಡಿಟರೇನಿಯನ್ ತೀರದುದ್ದಕ್ಕೂ ಹಬ್ಬಿತು. ಅಮೆರಿಕದ ಫ್ಲಾರಿಡಾ ತೀರದಲ್ಲಿ 1985ರಲ್ಲಿ ಮೊದಲು ಕಂಡ, ತೊಟ್ಟಿಗಳಿಂದ ತಪ್ಪಿಸಿಕೊಂಡವೆಂದು ನಂಬಲಾದ ಸಿಂಹಮೀನುಗಳು ಇಂದು ಕೆರಿಬಿಯನ್ ಕಡಲಿನ ಪೀಡೆ. ಅಲಂಕಾರಕ್ಕೆಂದು ತಂದ ಲಂಟಾನ ಬೆಟ್ಟ ಬೆಟ್ಟಗಳನ್ನೇ ನುಂಗಿದ್ದನ್ನು ಕಂಡ ಮಲೆನಾಡಿಗೆ ಇದರ ಅರ್ಥ ಚೆನ್ನಾಗಿಯೇ ಗೊತ್ತು. ಬೇಡವಾದ ಮೀನನ್ನು ಕೆರೆಗೋ ಕಡಲಿಗೋ ಬಿಡುವುದು ದಯೆಯಲ್ಲ.

ಎದುರುವಾದಗಳು

ಇಷ್ಟೆಲ್ಲ ರಗಳೆ ಏಕೆ, ತೆರೆಯ ಮೇಲೆ ಹವಳದ ಚಿತ್ರ ತೋರಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಹುರುಳಿದೆ. ಮನೆಗೊಂದು ತೊಟ್ಟಿ, ಹೋಂಸ್ಟೇಗೊಂದು ತೊಟ್ಟಿ ಎಂದಾದರೆ ಅದು ಅನಾಹುತವೇ. ಅಲಂಕಾರಕ್ಕೆಂದು ಇಟ್ಟವರು ವಾರದ ಉಪ್ಪಿನ ಲೆಕ್ಕ ಇಡುವವರಲ್ಲ. ಆದರೆ ಚಿತ್ರದಲ್ಲಿ ಅಮೋನಿಯಾ ಏರುವುದಿಲ್ಲ, ಕರೆಂಟು ಹೋಗುವುದಿಲ್ಲ, ಯಾರ ಅಲಕ್ಷ್ಯದಿಂದಲೂ ಏನೂ ಸಾಯುವುದಿಲ್ಲ. ಕಡಲು ತಾನಾಗಿ ಮಾಡುವ ಕೆಲಸವನ್ನು 255 ಲೀಟರಿನಲ್ಲಿ ಮಾಡಹೊರಟವನಿಗೆ ಮಾತ್ರ ಆ ಕೆಲಸದ ಬೆಲೆ ತಿಳಿಯುತ್ತದೆ.

ತೊಟ್ಟಿಯಲ್ಲಿ ಹವಳದ ತುಂಡುಗಳನ್ನು ಬೆಳೆಸಿ ಹಂಚಿದರೆ ಕಡಲಿನ ಮೇಲಿನ ಒತ್ತಡ ತಗ್ಗುವುದಿಲ್ಲವೇ ಎಂಬುದು ಇನ್ನೊಂದು ವಾದ. ಕೆಲವು ದೇಶಗಳಲ್ಲಿ ಇದು ತಕ್ಕಮಟ್ಟಿಗೆ ನಡೆದಿದೆ. ಇಲ್ಲಿ ಮಾತ್ರ, ಕಾನೂನು ತಡೆದಿರುವ ಜೀವಿಯ ಮೂಲವನ್ನು ಪತ್ತೆಹಚ್ಚುವ ವ್ಯವಸ್ಥೆ ಅಂಗಡಿಯ ಮಟ್ಟದಲ್ಲಿಲ್ಲದಿರುವಾಗ, 'ಬೆಳೆಸಿದ ಹವಳ' ಎಂಬ ಚೀಟಿ ಕದ್ದ ಹವಳಕ್ಕೆ ಮುಸುಕಾಗುತ್ತದೆ. ಹವಳದ ಪುನಶ್ಚೇತನ ಅನುಮತಿ ಪಡೆದ ಸಂಶೋಧಕರ ಕೆಲಸ, ಹವ್ಯಾಸಿಗಳದ್ದಲ್ಲ.

ಒಪ್ಪಬಹುದಾದ ದಾರಿ

ಹಾಗಾದರೆ ಒಪ್ಪಬಹುದಾದದ್ದು ಏನು? ತಾಲ್ಲೂಕಿಗೊಂದು, ಅದೂ ಶಾಲೆ ಅಥವಾ ಕಾಲೇಜಿನಲ್ಲಿ, ಎಲ್ಲರೂ ಬಂದು ನೋಡಬಹುದಾದ ತೊಟ್ಟಿ. ಅದರ ಪರಿಕರಗಳು ಆದಷ್ಟೂ ಹಳೆಯವಾಗಿರಲಿ. ದುರಸ್ತಿಯೂ ಪಾಠದ ಭಾಗವಾಗಲಿ. ಕಡಲಿನಿಂದ ಹಿಡಿದ ಒಂದು ಜೀವವೂ, ಹವಳದ ಒಂದು ಚೂರೂ ಬೇಡ. ಉಪ್ಪು, ನೀರು, ವಿದ್ಯುತ್ತು, ಸಾವು ಎಲ್ಲವನ್ನೂ ಬರೆದಿಡುವ ಒಂದು ಪುಸ್ತಕ ಪಕ್ಕದಲ್ಲೇ ತೂಗಿರಲಿ, ಬಂದವರು ತೆರೆದು ಓದುವಂತಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಆರಂಭಕ್ಕೆ ಮೊದಲೇ ಮುಕ್ತಾಯದ ಒಪ್ಪಂದವಾಗಲಿ. ಕೋಡಂಗಿ ಮೀನು ಸಾಕಣೆಯಲ್ಲಿ ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಪದವಿ ವಿದ್ಯಾರ್ಥಿ ಮೂರೋ ನಾಲ್ಕೋ ವರ್ಷದಲ್ಲಿ ಊರು ಬಿಡುತ್ತಾನೆ. ಏಪ್ರಿಲ್ ಮೇ ರಜೆಯಲ್ಲಿ ಮೀನಿಗೆ ಅನ್ನ ಹಾಕುವವರು ಯಾರು, ಮುಂದಿನ ತಂಡಕ್ಕೆ ಹೊಣೆ ಒಪ್ಪಿಸುವವರು ಯಾರು, ನಡೆಸಲಾಗದಿದ್ದರೆ ಜೀವಿಗಳನ್ನು ಪಡೆಯುವ ತೊಟ್ಟಿ ಯಾವುದು ಎಂಬುದು ಕಾಗದದ ಮೇಲೆ ಬರಹಕ್ಕೆ ಬಾರದಿದ್ದರೆ ಗಾಜು ಖಾಲಿಯಾಗಿಯೇ ಇರಲಿ.

ಇಷ್ಟು ನಿಯಮಗಳಿಗೆ ಒಳಪಟ್ಟ ತೊಟ್ಟಿಯೊಂದು ಘಟ್ಟದ ಮೇಲಿರಲು ಬಲವಾದ ಕಾರಣವೊಂದಿದೆ. ಹವಳಕ್ಕೆ ಬಿಸಿಯಷ್ಟೇ ಶತ್ರು ಹೂಳು. ತಿಳಿನೀರಿನಲ್ಲಿ ಬಿಸಿಲು ಇಳಿಯಬೇಕು. ಮಣ್ಣು ಕವಿದರೆ ಪಾಚಿಗೆ ಬೆಳಕಿಲ್ಲ, ಪಾಲಿಪಿಗೆ ಉಸಿರಿಲ್ಲ. ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಅಘನಾಶಿನಿ, ಗಂಗಾವಳಿ, ಕಾಳಿ ನದಿಗಳೂ ಅದೇ ಕರಾವಳಿಗೆ ಇಳಿಯುತ್ತವೆ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈನಲ್ಲಿ ಗುಡ್ಡ ಕುಸಿದು, ಜನರನ್ನೂ ವಾಹನಗಳನ್ನೂ ಹೊತ್ತುಕೊಂಡ ಮಣ್ಣು ಗಂಗಾವಳಿಗೆ ಬಿದ್ದದ್ದನ್ನು ನಾಡು ಮರೆತಿಲ್ಲ. ಬೆಟ್ಟದಲ್ಲಿ ಕಡಿದ ಮರ, ಜೆಸಿಬಿ ಕೊರೆದ ಇಳಿಜಾರು, ಹಳ್ಳದ ದಂಡೆಯಲ್ಲಿ ಸುರಿದ ಮಣ್ಣು ಎಲ್ಲದರ ಹಾದಿಯೂ ಕಡಲಿನತ್ತಲೇ. ವಿದ್ಯಾರ್ಥಿಯೊಬ್ಬ ಎರಕದ ಬಂಡೆಯ ಪಕ್ಕದಲ್ಲಿ ಒಂದು ಹಿಡಿ ಕೆಂಪುಮಣ್ಣನ್ನು ಪ್ರತ್ಯೇಕ ಜಾಡಿಯ ಉಪ್ಪುನೀರಿಗೆ ಕದಡಿ, ದೀಪದ ಬೆಳಕು ಎಷ್ಟು ಬೇಗ ಮಂಕಾಗುತ್ತದೆಂದು ಊರವರಿಗೆ ತೋರಿಸಬಹುದು. ಕಾಡು ಉಳಿಸುವ ಮಾತು ಮಲೆನಾಡಿನ ನೀರಿನ ಮಾತಷ್ಟೇ ಅಲ್ಲ, ನೇತ್ರಾಣಿಯ ಹವಳದ ಮಾತೂ ಹೌದೆಂಬುದು ಆ ಮಂಕಿನಲ್ಲಿ ಕಣ್ಣಿಗೆ ಕಾಣುತ್ತದೆ. ಹಳೆಯ ಗಾಜಿನ ತೊಟ್ಟಿಗೆ ಘಟ್ಟದ ಮೇಲೆ ಮಾಡಲು ಕೆಲಸವಿದ್ದರೆ ಅದು ಇದೇ. ಈ ಕೆಲಸಕ್ಕಲ್ಲದ ತೊಟ್ಟಿಯನ್ನು ಬಂದ ಲಾರಿಯಲ್ಲೇ ವಾಪಸ್ಸು ಕಳಿಸುವುದು ಒಳಿತು.